ಉದ್ಭವಿಸುವುದಿಲ್ಲ

ಅಧಿವೇಶನದ ಮೊದಲ ದಿನ ಬೆಳಗ್ಗೆ ಶಾಸಕರಿಗೆ ಕಾಲುಚೀಲ ಹಾಕಿಕೊಳ್ಳುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಬಲಗಾಲಿನ ಮಂಡಿ ಮಡಚಲು ಒಪ್ಪುತ್ತಿರಲಿಲ್ಲ. ಶಾಸಕರ ಭವನದ ನಾಲ್ಕನೇ ಮಹಡಿಯ ಆ ಕೋಣೆಯಲ್ಲಿ ಎರಡು ಮಂಚ, ಬಾಗಿಲು ಸರಿಯಾಗಿ ಮುಚ್ಚದ ಕಬ್ಬಿಣದ ಬೀರು, ಕಡತಗಳ ಭಾರಕ್ಕೆ ಒಂದು ಕಡೆ ವಾಲಿದ ಮೇಜು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಕೆಳಗೆ ನಿಂತ ಕಾರುಗಳ ಹಾರ್ನ್ ಸದ್ದು. ಹೆಂಡತಿ ಮಂಚದ ಮೇಲೆ ಕೂತು ಅವರ ವಾರದ ಮಾತ್ರೆಗಳನ್ನು ಡಬ್ಬಿಯ ಖಾನೆಗಳಿಗೆ ತುಂಬುತ್ತಿದ್ದಳು. ಮೂವತ್ತಮೂರು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ನಿವೃತ್ತಿಯಾದ ಮೇಲೆ ಅವಳ ಪಾಲಿಗೆ ಉಳಿದ ಒಬ್ಬನೇ ರೋಗಿ ಇವರು.

"ನಾನು ಹಾಕ್ಲಾ?" ಅಂದಳು.

"ಬೇಡ ಮಾರಾಯ್ತಿ. ಇವತ್ತು ಕಾಲುಚೀಲ ಹಾಕಿಸ್ಕೊಂಡ್ರೆ ನಾಳೆ ತುತ್ತು ಬಾಯಿಗೆ ಇಡು ಅಂತೀನಿ."

"ಅದೂ ರೂಢಿ ಇದೆ ನಂಗೆ. ಹೊರಗಡೆ ಹನ್ನೊಂದು ಜನ ಕಾಯ್ತಿದಾರೆ. ಎಣಿಸ್ಕೊಂಡು ಬಂದೆ."

ಹನ್ನೊಂದು ಜನರೂ ಒಳಗೆ ಬಂದು ಹೋದರು. ವರ್ಗಾವಣೆ ಬೇಕಾದವರು, ವರ್ಗಾವಣೆ ಬೇಡವಾದವರು, ಮಗಳಿಗೆ ಕಾಲೇಜಿನಲ್ಲಿ ಸೀಟು ಕೇಳಿದವರು, ಏನೂ ಬೇಡ ಸುಮ್ಮನೆ ಮುಖ ತೋರಿಸಿ ಹೋಗೋಣ ಅಂತ ಬಂದೆ ಅಂದವರು. ಈ ಕೊನೆಯವರನ್ನು ಕಂಡರೆ ಶಾಸಕರಿಗೆ ಎಲ್ಲಕ್ಕಿಂತ ಹೆಚ್ಚು ಭಯ. ಎಲ್ಲರಿಗೂ ಒಂದೇ ಮಾತು: "ನೋಡ್ತೀನಿ." ಮೂರು ಅವಧಿಗಳಲ್ಲಿ ಆ ಮಾತನ್ನು ಅವರು ಎಷ್ಟು ಸಲ ಆಡಿದ್ದರೋ, ಈಗ ಅದು ಕೆಮ್ಮಿನ ಹಾಗೆ ತಾನಾಗಿಯೇ ಬರುತ್ತಿತ್ತು.

ಸದನದಲ್ಲಿ ಅವರಿಗೊಂದು ಅಡ್ಡಹೆಸರಿತ್ತು, ಸುಮ್ಮನಿರಪ್ಪ ಅಂತ. ಅದು ಬಂದ ಕಥೆಯೂ ಸ್ವಾರಸ್ಯವಾಗಿದೆ. ಮೊದಲ ಸಲ ಗೆದ್ದು ಬಂದ ಹೊಸದರಲ್ಲಿ ಏನೋ ಕೇಳಲು ಉಮೇದಿನಿಂದ ಎದ್ದು ನಿಂತಾಗ ಪಕ್ಕದ ಹಿರಿಯರೊಬ್ಬರು ಕೋಟಿನ ತುದಿ ಹಿಡಿದೆಳೆದು "ಸುಮ್ಮನಿರಪ್ಪಾ" ಅಂದರು. ಮೈಕು ಚಾಲೂ ಇತ್ತು. ಕಲಾಪ ಬರೆದುಕೊಳ್ಳುತ್ತಿದ್ದ ವರದಿಗಾರನೂ ಹೊಸಬ. ಅದನ್ನು ಸದಸ್ಯರ ಹೆಸರೆಂದೇ ತಿಳಿದು ನಡಾವಳಿಯಲ್ಲಿ "ಶ್ರೀ ಸುಮ್ಮನಿರಪ್ಪ" ಎಂದು ನಮೂದಿಸಿಬಿಟ್ಟ. ತಪ್ಪನ್ನು ಮುಂದಿನ ಅಧಿವೇಶನದಲ್ಲಿ ತಿದ್ದಿದರು. ಹೆಸರು ಮಾತ್ರ ಹೋಗಲಿಲ್ಲ. ಶಾಸಕರೂ ಅದಕ್ಕೆ ಮೋಸ ಮಾಡಲಿಲ್ಲ. ಸುಮ್ಮನಿದ್ದವರಿಗೆ ಸಿಗಬೇಕಾದದ್ದೆಲ್ಲ ಅವರಿಗೂ ಸಿಕ್ಕಿತು. ಎರಡನೇ ಅವಧಿಯಲ್ಲಿ ಮೂರು ವರ್ಷ ಒಳಚರಂಡಿ ಮಂಡಳಿಯ ಅಧ್ಯಕ್ಷರೂ ಆಗಿದ್ದರು.

ಮೊದಲ ದಿನದ ಕಲಾಪ ಅಂದರೆ ಸಂತಾಪ. ಹಿಂದಿನ ಅಧಿವೇಶನದಿಂದ ಈಚೆಗೆ ತೀರಿಕೊಂಡ ಗಣ್ಯರ ಪಟ್ಟಿಯನ್ನು ಸಭಾಧ್ಯಕ್ಷರು ಓದಿದರು. ಇಬ್ಬರು ಮಾಜಿ ಸದಸ್ಯರು, ಒಬ್ಬ ಶಿಲ್ಪಿ, ಒಬ್ಬ ಓಟಗಾರ, ಒಬ್ಬ ಉದ್ಯಮಿ. ಆ ಪಕ್ಷದವರು ಹೊಗಳಿದರು, ಈ ಪಕ್ಷದವರು ಇನ್ನಷ್ಟು ಹೊಗಳಿದರು. ಆಮೇಲೆ ಎಲ್ಲರೂ ಎದ್ದು ಎರಡು ನಿಮಿಷ ತಲೆ ತಗ್ಗಿಸಿದರು. ಶಾಸಕರಿಗೆ ಆ ಎರಡು ನಿಮಿಷವೂ ಸತ್ತವರ ಬದಲು ಮಂಡಿಯದೇ ಚಿಂತೆ. ಸದನ ಮರುದಿನಕ್ಕೆ ಮುಂದಕ್ಕೆ ಹೋಯಿತು.

ಹೊರಗಿನ ದೊಡ್ಡ ಗೇಟಿನ ಹತ್ತಿರ ಹೊಲಿಗೆಯಾಕೆ ಕಾಯುತ್ತಿದ್ದಳು. ಆಸ್ಪತ್ರೆಗಳಿಗೆ ಹಾಸಿಗೆ ಬಟ್ಟೆ, ದಿಂಬಿನ ಚೀಲ ಹೊಲಿಯುವ ಹೆಂಗಸು. ಶಾಸಕರ ಕ್ಷೇತ್ರದವಳೇ. ಅವಳ ಗಂಡ ಹತ್ತೊಂಬತ್ತು ವರ್ಷ ಗುತ್ತಿಗೆದಾರನ ಕೈಕೆಳಗೆ ಮಂಡಳಿಯ ಮ್ಯಾನ್‌ಹೋಲುಗಳಿಗೆ ಇಳಿದು ಕಟ್ಟಿಕೊಂಡದ್ದನ್ನು ಬಿಡಿಸುವ ಕೆಲಸ ಮಾಡುತ್ತಿದ್ದ. ಏಳು ತಿಂಗಳ ಹಿಂದೆ ಮಾರುಕಟ್ಟೆಯ ಹಿಂದಿನ ಒಂದು ಗುಂಡಿಗೆ ಇಳಿದವನು ಜೀವಂತ ಮೇಲೆ ಬರಲಿಲ್ಲ. ಅವನು ನಮ್ಮ ಮನುಷ್ಯನೇ ಅಲ್ಲ, ದಾರಿಯಲ್ಲಿ ಹೋಗುತ್ತಿದ್ದ ಯಾರೋ ಆಕಸ್ಮಿಕವಾಗಿ ಬಿದ್ದಿದ್ದಾರೆ ಎಂದು ಮಂಡಳಿ ಬರೆದುಕೊಂಡಿತು. ಹದಿಮೂರನೇ ದಿನಕ್ಕೆ ಅದೇ ಗುತ್ತಿಗೆದಾರ ಅವನ ಜಾಗಕ್ಕೆ ಅವನ ತಮ್ಮನನ್ನು ಕರೆದ.

ಆಕೆ ಬಂದದ್ದು ಈ ಮೈದುನನಿಗಾಗಿ. ಸತ್ತವನು ಹೇಗೂ ಬರುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. "ಯಾರೂ ಸತ್ತಿಲ್ಲ ಅಂತ ಬರ್ಕೊಂಡಿರೋವರೆಗೂ ಇಳಿಸ್ತಾನೇ ಇರ್ತಾರೆ ಸಾರ್," ಅಂದಿದ್ದಳು ಮೊದಲ ಸಲ ಅರ್ಜಿ ಕೊಡಲು ಬಂದಾಗ. "ಸತ್ತಿದಾರೆ ಅಂತ ಒಂದ್ಸಲ ದೊಡ್ಡ ಜಾಗದಲ್ಲಿ ಒಪ್ಕೊಂಡ್ಬಿಟ್ರೆ ನಿಲ್ಲಿಸ್ಲೇಬೇಕಲ್ವಾ?" ಆ ಅರ್ಜಿಯಿಂದ ಒಂದು ಪ್ರಶ್ನೆ ಹುಟ್ಟಿತು. ನೂರಾರು ಪ್ರಶ್ನೆಗಳ ನಡುವೆ ಚೀಟಿ ಎತ್ತಿದಾಗ ಅದೇ ಮೇಲೆ ಬಂತು. ಮೂರನೇ ದಿನ, ಮೂರನೇ ಪ್ರಶ್ನೆ. ಚುಕ್ಕೆ ಗುರುತಿನದು, ಅಂದರೆ ಸಚಿವರು ಸದನದಲ್ಲಿ ಎದ್ದು ನಿಂತು ಬಾಯಲ್ಲೇ ಉತ್ತರ ಕೊಡಬೇಕಾದದ್ದು. ಶಾಸಕರಿಗೆ ಇಂಥ ಅದೃಷ್ಟ ಆರು ವರ್ಷದಿಂದ ಬಂದಿರಲಿಲ್ಲ. ಬಂದದ್ದಕ್ಕೆ ಅವರಿಗೆ ಖುಷಿಯೂ ಆಗಿರಲಿಲ್ಲ.

"ಇವತ್ತು ನಮ್ಮದು ಬರ್ಲಿಲ್ವಾ ಸಾರ್?"

"ಇವತ್ತು ತೀರಿಕೊಂಡವರ ದಿನ ಅಮ್ಮ. ಅವರ ಹೆಸರು ಓದಿ ಸದನ ಮುಂದಕ್ಕೆ ಹಾಕ್ತಾರೆ."

"ತೀರ್ಕೊಂಡವರು ಅಂದ್ರೆ, ಎಲ್ಲರದ್ದೂ ಓದ್ತಾರಾ?"

"ಎಲ್ಲರದ್ದೂ ಎಲ್ಲಿ ಆಗುತ್ತೆ? ಒಂದು ಪಟ್ಟಿ ಇರುತ್ತೆ."

"ಪಟ್ಟಿ ಅಂದ್ರೆ ಗೊತ್ತು ಸಾರ್," ಎಂದಳು ಹೊಲಿಗೆಯಾಕೆ. ವ್ಯಂಗ್ಯವಾಗಿ ಹೇಳಿದ ಮಾತಲ್ಲ. ಏಳು ತಿಂಗಳಿಂದ ಕಚೇರಿಗಳ ಬೆಂಚುಗಳ ಮೇಲೆ ಕೂತು ಕಲಿತ ಮಾತು.

ಎರಡನೇ ದಿನ ಸದನದಲ್ಲಿ ಗಲಾಟೆಯೋ ಗಲಾಟೆ. ಯಾರೋ ಯಾರಿಗೋ ಏನೋ ಅಂದರು. ಅಂದಿಲ್ಲ ಅಂದರು. ಅಂದಿದ್ದೀರಿ ಅಂದರು. ವಿರೋಧ ಪಕ್ಷದವರು ಸಭಾಧ್ಯಕ್ಷರ ಪೀಠದ ಮುಂದೆ ಹೋಗಿ ನಿಂತರು, ಕಾಗದ ಹಾರಿಸಿದರು. ಸದನ ಮೂರು ಸಲ ಮುಂದಕ್ಕೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಕೈತೊಳೆದುಕೊಂಡಿತು. ಶಾಸಕರು ತಮ್ಮ ಜಾಗದಲ್ಲೇ ಕೂತು ಎಲ್ಲವನ್ನೂ ನೋಡಿದರು. ಮೊದಮೊದಲು ಇಂಥ ದಿನಗಳಲ್ಲಿ ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡುತ್ತಿದ್ದರು. ಈಗ ಆ ಕೂಗಾಟಕ್ಕೂ ತ್ರಾಣ ಬೇಕಲ್ಲ.

ನಾಲ್ಕು ಗಂಟೆಗೆ ಆಪ್ತ ಸಹಾಯಕಿ ಕೋಣೆಗೆ ಬಂದಳು. ಮರುದಿನದ ಪ್ರಶ್ನೆಗಳಿಗೆ ಮುದ್ರಿತ ಉತ್ತರಗಳು ಬಂದಿದ್ದವು. ಅವಳ ಹಿಂದೆಯೇ ಹೊಲಿಗೆಯಾಕೆ. ಉತ್ತರ ಬರುತ್ತದೆ ಅಂತ ಯಾರು ಹೇಳಿದ್ದರೋ, ಅವಳು ಕೆಳಗಿನ ಮೆಟ್ಟಿಲಲ್ಲಿ ಊಟದ ಹೊತ್ತಿನಿಂದ ಕೂತಿದ್ದಳಂತೆ. ಹಾಳೆಯನ್ನು ಶಾಸಕರಿಗೆ ಕೊಡುವ ಮೊದಲೇ ಅವಳು ಕೈ ಚಾಚಿದಳು. "ನಾನು ಓದ್ತೀನಿ ಸಾರ್. ಏಳನೇ ಕ್ಲಾಸ್ ಪಾಸಾಗಿದೀನಿ."

ನಿಧಾನವಾಗಿ, ಬೆರಳಿಟ್ಟು ಓದಿದಳು. "ಕಳೆದ ಮೂರು ವರ್ಷಗಳಲ್ಲಿ ಒಳಚರಂಡಿ ಸ್ವಚ್ಛಗೊಳಿಸುವಾಗ ಮಂಡಳಿಯ ಎಷ್ಟು ನೌಕರರು ಮೃತಪಟ್ಟಿದ್ದಾರೆ? ಉತ್ತರ: ಯಾರೂ ಮೃತಪಟ್ಟಿರುವುದಿಲ್ಲ. ಮೃತಪಟ್ಟಿದ್ದಲ್ಲಿ ಅವರ ವಿವರಗಳೇನು? ಉತ್ತರ: ಉದ್ಭವಿಸುವುದಿಲ್ಲ. ಮನುಷ್ಯರನ್ನು ಗುಂಡಿಗಳಿಗೆ ಇಳಿಸುವುದನ್ನು ತಡೆಯಲು ಕೈಗೊಂಡ ಕ್ರಮಗಳೇನು? ಉತ್ತರ: ಉದ್ಭವಿಸುವುದಿಲ್ಲ."

ಹಾಳೆಯನ್ನು ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

"ಉದ್ಭವಿಸುವುದಿಲ್ಲ ಅಂದ್ರೆ ಏನು ಸಾರ್?"

ಶಾಸಕರು ಹಾಳೆಯ ಮೊದಲ ಉತ್ತರ ತೋರಿಸಿದರು. "ಅಂದ್ರೆ... ಮೊದಲನೇದಕ್ಕೆ ಇಲ್ಲ ಅಂದ್ಮೇಲೆ ಮಿಕ್ಕಿದ್ದು ಹುಟ್ಟೋದೇ ಇಲ್ಲ ಅಂತ."

"ಹುಟ್ಟೋದೇ ಇಲ್ಲ," ಎಂದು ಆಕೆ ತನ್ನಷ್ಟಕ್ಕೆ ಹೇಳಿಕೊಂಡಳು. "ಹುಟ್ಟಿದ್ರಲ್ಲ ಸಾರ್. ನಲವತ್ತೆರಡು ವರ್ಷ ಇದ್ರು."

ಹೆಂಡತಿ ಕುರ್ಚಿ ಎಳೆದುಕೊಟ್ಟಳು. ಆಕೆ ಕೂರಲಿಲ್ಲ. ಚೀಲದಿಂದ ತನ್ನ ಅರ್ಜಿಯ ನಕಲು ತೆಗೆದು ಹಾಳೆಯ ಪಕ್ಕ ಹಿಡಿದಳು.

"ನಾನು ಇದರಲ್ಲಿ ಎಷ್ಟು ಜನ ಸತ್ತಿದಾರೆ ಅಂತ ಕೇಳಿದ್ದೆ. ಇಲ್ಲಿ ಜನ ಇಲ್ಲ. ನೌಕರರು ಅಂತಿದೆ. ಅವರು ಗುತ್ತಿಗೆಯವರ ಕಡೆಯವರು, ಮಂಡಳಿ ನೌಕರರಲ್ಲ. ಹಿಂಗೆ ಕೇಳಿದ್ರೆ ಇಲ್ಲ ಅಂತಾನೇ ಅಂತಾರೆ. ಯಾರು ಬದಲಾಯಿಸಿದ್ದು ಸಾರ್ ಇದನ್ನ?"

ಆಪ್ತ ಸಹಾಯಕಿ ಶಾಸಕರ ಮುಖ ನೋಡಲಿಲ್ಲ. ಕಿಟಕಿಯ ಕಡೆ ನೋಡುತ್ತಾ, "ಟೈಪಿಂಗಲ್ಲಿ ಏನೋ ಆಗಿರ್ಬೇಕು," ಅಂದಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ಅಕ್ಷರ ತಪ್ಪಿ ಟೈಪು ಮಾಡಿದವಳಲ್ಲ ಅವಳು.

ಶಾಸಕರಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಅವಳು ತಂದ ಕರಡಿನಲ್ಲಿ "ಎಷ್ಟು ಜನ" ಎಂದೇ ಇತ್ತು. ಅವರು ಪೆನ್ನು ತೆಗೆದು "ಜನ" ಹೊಡೆದುಹಾಕಿ "ಮಂಡಳಿಯ ನೌಕರರು" ಎಂದು ಬರೆದು, ಸದನದ ಭಾಷೆ ಹೀಗಿರಬೇಕಮ್ಮ ಎಂದು ಸಹಿ ಹಾಕಿದ್ದರು. ಅಂದು ಅದು ಬರೀ ಭಾಷೆಯ ಮಾತು ಅಂತಲೇ ಅವರಿಗೆ ಅನ್ನಿಸಿತ್ತು. ಈಗ ಆಕೆಯ ಬೆರಳು ಆ ಪದದ ಮೇಲೆ ನಿಂತಾಗ ತಮ್ಮನ್ನೇ ನಂಬಲು ಅವರಿಗೆ ಕಷ್ಟವಾಯಿತು. ಮಂಡಳಿಯ ಅಧ್ಯಕ್ಷಗಿರಿಯ ಮೂರು ವರ್ಷದಲ್ಲಿ ಇಂಥ ಎಷ್ಟು ಉತ್ತರಗಳಿಗೆ ಅವರೇ ಸಹಿ ಹಾಕಿರಲಿಲ್ಲ? ನೌಕರ ಎಂಬ ಒಂದು ಪದ ಯಾರನ್ನು ಒಳಗಿಡುತ್ತದೆ, ಯಾರನ್ನು ಹೊರಗೆ ಹಾಕುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಮನಸ್ಸು ಮರೆತಿತ್ತೋ ಏನೋ, ಕೈ ಮರೆತಿರಲಿಲ್ಲ.

"ನಾಳೆ ಸದನದಲ್ಲಿ ಕೇಳ್ತೀರಲ್ಲ ಸಾರ್, ಆವಾಗ ಸರಿ ಮಾಡಿ," ಎಂದು ಆಕೆ ಹೊರಟಳು.

"ನೋಡ್ತೀನಿ," ಅಂದರು ಶಾಸಕರು. ಅಂದ ಮೇಲೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು.

ಆರು ಗಂಟೆಯ ಹೊತ್ತಿಗೆ ಸಚಿವರೇ ಕೋಣೆಗೆ ಬಂದರು. ಒಳಚರಂಡಿಯೂ ಆರೋಗ್ಯವೂ ಅವರದೇ ಖಾತೆಗಳು. ಶಾಸಕರಿಗಿಂತ ಹದಿನಾಲ್ಕು ವರ್ಷ ಚಿಕ್ಕವರು, ಒಂದು ಕಾಲದಲ್ಲಿ ಇವರ ಹಿಂದೆ ಬಾವುಟ ಹಿಡಿದು ತಿರುಗಿದವರು. ಈಗಲೂ ಅಣ್ಣ ಅಂತಲೇ ಕರೆಯುತ್ತಾರೆ. ಬಂದವರೇ ಎರಡನೇ ಮಂಚದ ಮೇಲೆ ಕೂತು ಶೂ ಬಿಚ್ಚಿ ಪಾದ ಒತ್ತಿಕೊಂಡರು. ನೋಡಿದರೆ ಅವರೂ ಸೋತು ಸುಣ್ಣವಾಗಿದ್ದರು.

"ಅತ್ತಿಗೆ, ಒಂದು ಲೋಟ ಟೀ ಕೊಡಿ. ಬೆಳಗ್ಗೆಯಿಂದ ಬರೀ ಬೈಗುಳ ಕುಡ್ದಿದೀನಿ." ಟೀ ಬರುವವರೆಗೆ ಮಂಡಿನೋವು ವಿಚಾರಿಸಿದರು. ಆಮೇಲೆ, "ಅಣ್ಣ, ನಾಳೆ ಮೂರನೇ ಪ್ರಶ್ನೆ ಕರೆದಾಗ ನೀವು ಮೊಗಸಾಲೆಗೆ ಹೋಗಿ ಸ್ವಲ್ಪ ಟೀ ಕುಡ್ಕೊಂಡು ಬನ್ನಿ. ಸದಸ್ಯರು ಹಾಜರಿಲ್ಲ ಅಂತ ಮುಂದಿನ ಪ್ರಶ್ನೆಗೆ ಹೋಗ್ತಾರೆ. ಅಷ್ಟೇ," ಅಂದರು.

"ಆ ಹೆಂಗಸಿನ ಗಂಡ ಸತ್ತಿದಾನಪ್ಪ."

"ಸತ್ತಿಲ್ಲ ಅಂತ ನಾನೆಲ್ಲಿ ಅಂದೆ? ನನಗೂ ಹೆಂಡತಿ ಮಕ್ಕಳಿದಾರೆ, ನಾನೇನು ಕಲ್ಲಾ? ಆದ್ರೆ ನಾಳೆ ಒಪ್ಕೊಂಡ್ರೆ ನಾಡಿದ್ದೇ ಎಲ್ಲಾ ಕಡೆ ಇಳಿಯೋದು ನಿಲ್ಲಿಸ್ಬೇಕು. ಮಷಿನ್‌ಗಳು ಇನ್ನೂ ಟೆಂಡರ್ ಹಂತದಲ್ಲಿವೆ. ನಿಲ್ಲಿಸಿದ ಸಾಯಂಕಾಲಕ್ಕೇ ಕೊಳಚೆ ಜನರ ಅಡುಗೆಮನೆಗೆ ಬರುತ್ತೆ. ಆಗ ಬೈಸ್ಕೊಳ್ಳೋರು ಯಾರು? ನೀವೇ, ನಾನೇ." ಲೋಟ ಕೆಳಗಿಟ್ಟು ದನಿ ತಗ್ಗಿಸಿದರು. "ನಿಮ್ಮ ಆ ಮೂವತ್ತು ಹಾಸಿಗೆ ಆಸ್ಪತ್ರೆ ಕಡತ ನನ್ನ ಮೇಜಿಗೆ ಬಂದಿದೆ. ಈ ವಾರ ಮುಗಿಸಿಬಿಡೋಣ ಅಂತಿದೀನಿ."

ಎಂಟು ವರ್ಷದಿಂದ ಶಾಸಕರು ಅಲೆಯುತ್ತಿದ್ದ ಕಡತ ಅದು. ಕ್ಷೇತ್ರದ ಆ ಮೂಲೆಯಿಂದ ಹೆರಿಗೆಗೆ ಹೊರಟ ಹೆಂಗಸರು ಅರ್ಧ ದಾರಿಯಲ್ಲೇ ಹೆರುತ್ತಿದ್ದರು.

"ಇನ್ನೊಂದು ಮಾತು ಅಣ್ಣ, ತಪ್ಪು ತಿಳೀಬೇಡಿ," ಶೂ ಹಾಕಿಕೊಳ್ಳುತ್ತಾ ಸಚಿವರು ಹೇಳಿದರು. "ಈ ಉತ್ತರ ನಮ್ಮ ಅಧಿಕಾರಿಗಳು ಹೊಸದಾಗಿ ಬರೆದಿದ್ದಲ್ಲ. ನೀವು ಅಧ್ಯಕ್ಷರಾಗಿದ್ದಾಗ ಕೊಟ್ಟಿದ್ದನ್ನೇ ನಕಲು ಹೊಡೆದಿದಾರೆ. ನಿಮ್ಮ ಸಹಿ ಇರೋ ಪ್ರತಿ ಕಡತದಲ್ಲೇ ಇದೆ. ನಾನಾಗಿ ಅದನ್ನ ತೆಗೆಯೋನಲ್ಲ. ತೆಗೆಯೋ ಹಾಗೆ ಮಾಡ್ಬೇಡಿ."

ಅವರು ಹೋದ ಮೇಲೆ ಹೆಂಡತಿ ಲೋಟಗಳನ್ನು ತೊಳೆಯಲು ತೆಗೆದುಕೊಂಡಳು.

"ಏನ್ಮಾಡ್ಲಿ?" ಅಂದರು ಶಾಸಕರು.

"ಹೋಗಿ ಟೀ ಕುಡೀರಿ. ಆಸ್ಪತ್ರೆ ಬರುತ್ತಲ್ಲ. ಅರ್ಧ ದಾರೀಲಿ ಹೆತ್ತೋರನ್ನ ಎಷ್ಟು ಜನರನ್ನ ನೋಡಿದೀನಿ ನಾನು." ಒಂದು ಲೋಟ ತೊಳೆದು ಬೋರಲು ಹಾಕಿದಳು. "ಆದ್ರೆ ಆ ಹೊಲಿಗೆಯಾಕೆ ನಾಳೆ ಬಂದು, ಯಾಕೆ ಕೇಳ್ಲಿಲ್ಲ ಅಂದ್ರೆ ನಾನು ಬಾಗಿಲು ತೆಗೆಯಲ್ಲ. ನೀವೇ ತೆಗೀಬೇಕು."

ಮೂರನೇ ದಿನ ಗೇಟಿನಲ್ಲಿ ಹೊಲಿಗೆಯಾಕೆ ಸಂದರ್ಶಕರ ಪಾಸು ಹಿಡಿದು ನಿಂತಿದ್ದಳು. ಆಪ್ತ ಸಹಾಯಕಿ ಕೊಡಿಸಿದ್ದ ಪಾಸು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಳು. ಮಾತಿಗೊಂದು ಮಾತು ಇರಲಿ ಅಂತ ಶಾಸಕರು, "ನಿಮ್ಮ ಮೈದುನ ಬರ್ಲಿಲ್ವಾ?" ಅಂದರು.

"ಕೆಲಸಕ್ಕೆ ಹೋದ ಸಾರ್. ಇಲ್ಲೇ, ನಿಮ್ಮ ಈ ಕಟ್ಟಡದ ಹಿಂದೇನೇ. ಅಧಿವೇಶನಕ್ಕೆ ಇಷ್ಟೊಂದು ಜನ ಬಂದಿದಾರಲ್ಲ, ಕಟ್ಕೊಂಡು ಕೆಳಗಿನ ಮಹಡಿಯೆಲ್ಲಾ ವಾಸನೆಯಂತೆ. ಬೇಡ ಕಣೋ, ಇವತ್ತೊಂದು ದಿನ ಬೇಡ ಅಂದೆ. ಕೇಳ್ಬೇಕಲ್ಲ."

ಶಾಸಕರು ಒಳಗೆ ನಡೆದರು. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ತಮ್ಮ ಜಾಗದಲ್ಲಿ ಕೂತರು. ಮೊದಲ ಪ್ರಶ್ನೆ ಶುರುವಾದ ಕೂಡಲೇ ಎದ್ದು ಮೊಗಸಾಲೆಗೆ ಹೋದರು. ಹೌದು, ಹೋದರು. ರಾತ್ರಿ ನಿದ್ದೆ ಬರುವ ಮೊದಲೇ ಅವರು ಅದನ್ನು ತೀರ್ಮಾನ ಮಾಡಿಕೊಂಡಿದ್ದರು. ಮೂವತ್ತು ಹಾಸಿಗೆ ದೊಡ್ಡದು, ಒಂದು ಪದ ಚಿಕ್ಕದು. ತಿದ್ದುಪಡಿಯನ್ನು ಮುಂದಿನ ಅಧಿವೇಶನದಲ್ಲಿ ನೋಡಿಕೊಂಡರಾಯಿತು.

ಮೊಗಸಾಲೆಯ ಟೀ ಕೌಂಟರಿನ ಪಕ್ಕ ಒಂದು ಉದ್ದನೆಯ ಕಿಟಕಿ. ಒಳಗಿನ ಕಲಾಪವೆಲ್ಲ ಅಲ್ಲಿನ ಧ್ವನಿವರ್ಧಕದಲ್ಲಿ ಕೇಳಿಸುತ್ತದೆ. ಎರಡನೇ ಪ್ರಶ್ನೆ ನಡೆಯುತ್ತಿತ್ತು, ಯಾವುದೋ ಸೇತುವೆಯದು. ಶಾಸಕರು ಕಪ್ಪು ಹಿಡಿದು ಕಿಟಕಿಯ ಹೊರಗೆ ನೋಡಿದರು. ಹಿತ್ತಲ ಕಡೆಯ ಅಂಗಳ. ಇಬ್ಬರು ಗಂಡಸರು. ಕಬ್ಬಿಣದ ಮುಚ್ಚಳ ಪಕ್ಕಕ್ಕೆ ಸರಿಸಿದೆ. ಒಬ್ಬ ಅಂಗಿ ಬಿಚ್ಚಿ, ಮಡಚಿ, ಧೂಳಾಗದ ಹಾಗೆ ಗೋಡೆಯ ಮೇಲಿಟ್ಟ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಮೂತಿಗೆ ಏನೂ ಇಲ್ಲ, ಕೈಗೂ ಇಲ್ಲ. ಕಾಲು ಇಳಿಬಿಟ್ಟು ಕೂತು, ಮೇಲಿನವನಿಗೆ ಏನೋ ತಮಾಷೆ ಹೇಳಿ ನಕ್ಕು, ಸೊಂಟದವರೆಗೆ, ಎದೆಯವರೆಗೆ ಇಳಿದ. ಆಮೇಲೆ ತಲೆಯೂ ಒಳಗೆ ಹೋಯಿತು. ಮೇಲೆ ನಿಂತವನ ಕೈಯಲ್ಲಿ ಹಗ್ಗ ಮಾತ್ರ ಉಳಿಯಿತು.

ಅಧ್ಯಕ್ಷರಾಗಿದ್ದ ಮೂರು ವರ್ಷದಲ್ಲಿ ಶಾಸಕರು ಒಮ್ಮೆಯೂ ಇದನ್ನು ಕಣ್ಣಾರೆ ಕಂಡಿರಲಿಲ್ಲ. ಕಡತದಲ್ಲಿ ಮನುಷ್ಯನ ತಲೆ ಒಳಗೆ ಹೋಗುವುದು ಕಾಣುವುದಿಲ್ಲ.

"ಪ್ರಶ್ನೆ ಸಂಖ್ಯೆ ಮೂರು," ಎಂದಿತು ಧ್ವನಿವರ್ಧಕ. ಸ್ವಲ್ಪ ಹೊತ್ತು ಬಿಟ್ಟು, "ಮಾನ್ಯ ಸದಸ್ಯರು ಹಾಜರಿದ್ದಾರೆಯೇ?"

ಶಾಸಕರು ಕಪ್ಪನ್ನು ಎಲ್ಲಿಟ್ಟರೋ ಅವರಿಗೇ ಗೊತ್ತಿಲ್ಲ. ಮಂಡಿ ಎಳೆದುಕೊಂಡು ಬಾಗಿಲು ತಳ್ಳಿ ಒಳಗೆ ಬಂದಾಗ ಸಭಾಧ್ಯಕ್ಷರು ನಾಲ್ಕನೇ ಪ್ರಶ್ನೆಯ ಹಾಳೆಗೆ ಕೈ ಹಾಕಿದ್ದರು. "ಇದ್ದೇನೆ, ಮಾನ್ಯ ಸಭಾಧ್ಯಕ್ಷರೇ. ಪ್ರಶ್ನೆ ಸಂಖ್ಯೆ ಮೂರು."

ಸಚಿವರು ಎದ್ದು, "ಉತ್ತರವನ್ನು ಒದಗಿಸಲಾಗಿದೆ," ಎಂದು ಕೂತರು. ಕೂರುವಾಗ ಇವರ ಕಡೆ ನೋಡಿದ ನೋಟದಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು.

"ಉತ್ತರ ಸರಿಯಾಗಿದೆ," ಅಂದರು ಶಾಸಕರು. ಉಸಿರು ಇನ್ನೂ ಕೂಡಿಬಂದಿರಲಿಲ್ಲ. "ನನ್ನ ಪ್ರಶ್ನೆ ತಪ್ಪು. ಕರಡಿನಲ್ಲಿ ಎಷ್ಟು ಜನ ಸತ್ತಿದ್ದಾರೆ ಅಂತ ಇತ್ತು. ನಾನು ಜನ ಹೊಡೆದುಹಾಕಿ ನೌಕರರು ಅಂತ ಬರೆದೆ. ನನ್ನ ಕೈಯಿಂದಲೇ ಬರೆದೆ. ಈ ವಿದ್ಯೆ ನಾನು ಮಂಡಳಿಯ ಅಧ್ಯಕ್ಷನಾಗಿದ್ದಾಗ ಕಲಿತದ್ದು. ಆಗ ನಾನು ಸಹಿ ಹಾಕಿದ ಇಂಥದೇ ಉತ್ತರ ಮಾನ್ಯ ಸಚಿವರ ಕಡತದಲ್ಲಿದೆ. ದಯವಿಟ್ಟು ಅದನ್ನೂ ಸದನದ ಮುಂದೆ ಇಡಲಿ."

ಸಭಾಧ್ಯಕ್ಷರು ಕನ್ನಡಕ ತೆಗೆದು, "ಮಾನ್ಯ ಸದಸ್ಯರು ಉಪಪ್ರಶ್ನೆ ಇದ್ದರೆ ಕೇಳಬೇಕು," ಅಂದರು.

"ಒಂದೇ ಇದೆ. ಈಗ, ಈ ನಿಮಿಷ, ಈ ಕಟ್ಟಡದ ಹಿಂದಿನ ಮ್ಯಾನ್‌ಹೋಲಿನೊಳಗೆ ಒಬ್ಬ ಮನುಷ್ಯ ಇದ್ದಾನೆ. ನಮ್ಮ ಶೌಚಾಲಯ ಕಟ್ಟಿಕೊಂಡಿದೆ ಅಂತ ಇಳಿಸಿದ್ದಾರೆ. ಅವನ ಅಣ್ಣ ಏಳು ತಿಂಗಳ ಹಿಂದೆ ಇದೇ ಕೆಲಸದಲ್ಲಿ ಸತ್ತ. ಇವನು ಯಾರ ನೌಕರ ಅಂತ ಸಚಿವರು ಹೇಳಲಿ. ಇವನು ಮೇಲೆ ಬರದಿದ್ದರೆ ನಾಳೆ ಏನಂತ ಬರೆದುಕೊಳ್ಳುತ್ತೇವೆ?"

ಸಚಿವರು ಎದ್ದರು. ಈ ವಿಷಯ ಮೂಲ ಪ್ರಶ್ನೆಯಿಂದ ಹೊರಗಿದೆ, ಮಾಹಿತಿ ತರಿಸಿಕೊಂಡು ಸದಸ್ಯರಿಗೆ ಕಳುಹಿಸಲಾಗುವುದು ಎಂದರು. ವಿರೋಧ ಪಕ್ಷದವರು ಆಗ ಎಚ್ಚೆತ್ತು ಕೂಗತೊಡಗಿದರು. ಆಡಳಿತದವರು ಅವರ ಮೇಲೆ ಕೂಗಿದರು. ಶಾಸಕರಿಗೆ ಅದನ್ನೆಲ್ಲ ಕೇಳುವ ತಾಳ್ಮೆ ಇರಲಿಲ್ಲ. ಹಗ್ಗ ಹಿಡಿದವನೊಬ್ಬನೇ ಅಲ್ಲಿ ನಿಂತಿದ್ದಾನೆ ಅನ್ನುವುದೊಂದೇ ತಲೆಯಲ್ಲಿತ್ತು. ಅವರು ಹೊರನಡೆದರು. ಸಭಾತ್ಯಾಗ ಎಂದು ವರದಿಗಾರರು ಬರೆದುಕೊಂಡರು.

ಹಿತ್ತಲಿಗೆ ಹೋಗಲು ಇಪ್ಪತ್ತೆರಡು ಮೆಟ್ಟಿಲು ಇಳಿಯಬೇಕು. ಇಳಿದು ಅವರು ಹಗ್ಗಕ್ಕೆ ಕೈ ಹಾಕಿದಾಗ ಹಗ್ಗ ಹಿಡಿದವನು ಗಾಬರಿಬಿದ್ದ. "ಮೇಲಕ್ಕೆ ಕರೀರಿ," ಅಂದರು. "ಈಗಲೇ." ಮೂರು ಸಲ ಜಗ್ಗಿದರು. ಆ ಕಡೆಯಿಂದ ಏನೂ ಬರಲಿಲ್ಲ. ಶಾಸಕರು ಹಗ್ಗವನ್ನು ಅಂಗೈಗೆ ಸುತ್ತಿ ಮತ್ತೆ ಜಗ್ಗಿದರು. ನಾಲ್ಕನೇ ಸಲಕ್ಕೆ ಕೆಳಗಿನಿಂದ ಬೈಗುಳ ಕೇಳಿಸಿತು. ಜೀವಮಾನದಲ್ಲಿ ಅಷ್ಟು ಇಂಪಾದ ಬೈಗುಳವನ್ನು ಅವರು ಕೇಳಿರಲಿಲ್ಲ.

ಮೈದುನ ಮೇಲೆ ಬಂದು, ಕೆಮ್ಮಿ, ಉಗಿದು, ಕೋಟು ಹಾಕಿದ ಮುದುಕರನ್ನು ಮಿಕಮಿಕ ನೋಡಿದ. "ಇನ್ನೂ ಅರ್ಧ ಕೆಲಸ ಇದೆ ಸಾರ್."

"ಇರ್ಲಿ." ಅಷ್ಟರಲ್ಲಿ ಹೊಲಿಗೆಯಾಕೆ ಗ್ಯಾಲರಿಯಿಂದ ಓಡಿ ಬಂದಿದ್ದಳು. ಮೈದುನನ ತೋಳು ಹಿಡಿದವಳು ಬಿಡಲಿಲ್ಲ. ತನ್ನ ಇಸ್ತ್ರಿ ಬಟ್ಟೆಗೆ ಏನಾಗುತ್ತಿದೆ ಅಂತಲೂ ನೋಡಲಿಲ್ಲ. ಶಾಸಕರೂ ಹಗ್ಗದವನೂ ಸೇರಿ ಮುಚ್ಚಳ ಎಳೆದು ಹಾಕಿದರು. ಆಪ್ತ ಸಹಾಯಕಿ ಎಲ್ಲಿಂದಲೋ ಒಂದು ಕುರ್ಚಿ ತಂದಳು. ಅದನ್ನು ಮುಚ್ಚಳದ ಮೇಲೆ ಇಟ್ಟುಕೊಂಡು ಅವರು ಕೂತರು. ಹೋರಾಟ ಗೀರಾಟ ಅಂತೇನೂ ಅಲ್ಲ. ನಿಲ್ಲಲು ಆಗುತ್ತಿರಲಿಲ್ಲ.

ಊಟದ ಬಿಡುವಿನ ಹೊತ್ತಿಗೆ ಮಂಡಳಿಯ ಎಂಜಿನಿಯರು ಬೆವರು ಒರೆಸಿಕೊಳ್ಳುತ್ತಾ ಬಂದ. "ಸಾರ್, ಕೆಳಗಿನ ಮಹಡಿ ಶೌಚಾಲಯಗಳೆಲ್ಲಾ ಉ‌ಕ್ತಾ ಇವೆ. ಬೀಗ ಹಾಕ್ಸಿದೀನಿ. ಸದಸ್ಯರೆಲ್ಲಾ ನನ್ನ ಮೇಲೆ ಹರಿಹಾಯ್ತಿದಾರೆ. ಅರ್ಧ ಗಂಟೆ ಜಾಗ ಬಿಡಿ ಸಾರ್."

"ಮಷಿನ್ ತರ್ಸಿ."

"ಟೆಂಡರ್ ಹಂತದಲ್ಲಿದೆ ಸಾರ್."

"ಹಾಗಾದ್ರೆ ಟೆಂಡರ್ ಮುಗಿಯೋವರೆಗೆ ಕೂತಿರ್ತೀನಿ. ನನಗೇನು, ಗಾಳಿ ಚೆನ್ನಾಗಿದೆ." ಗಾಳಿ ಚೆನ್ನಾಗಿರಲಿಲ್ಲ. ಮೂಗು ಮುಚ್ಚಿಕೊಳ್ಳದೆ ಅಲ್ಲಿ ಯಾರೂ ನಿಲ್ಲುವಂತಿರಲಿಲ್ಲ.

ಹೆಂಡತಿ ಊಟದ ಡಬ್ಬಿ, ಮಾತ್ರೆ ಹಿಡಿದು ಬಂದಳು. ಸುದ್ದಿ ಅಷ್ಟು ಹೊತ್ತಿಗೆ ಶಾಸಕರ ಭವನದ ನಾಲ್ಕನೇ ಮಹಡಿಗೂ ತಲುಪಿತ್ತು. "ಆಸ್ಪತ್ರೆ ಹೋಯ್ತು," ಅಂದರು ಶಾಸಕರು. "ಹೋಯ್ತು," ಅಂದಳು ಅವಳು. "ಮಾತ್ರೆ ತಗೊಳ್ಳಿ. ಮತ್ತೆ ಅಲೆಯೋಕೆ ಕಾಲು ಬೇಕಲ್ಲ."

ಎರಡು ಗಂಟೆಗೆ ಎಂಜಿನಿಯರು ಮತ್ತೆ ಬಂದ. ಈ ಸಲ ಕೈಯಲ್ಲಿ ಒಂದು ಬರಹವಿತ್ತು. ಇನ್ನು ಮುಂದೆ ಈ ವಿಭಾಗದಲ್ಲಿ ಯಾವ ನೌಕರರನ್ನೂ ಗುಂಡಿಗೆ ಇಳಿಸುವುದಿಲ್ಲ ಎಂದಿತ್ತು. ಶಾಸಕರು ಅದನ್ನು ಹೊಲಿಗೆಯಾಕೆಗೆ ಕೊಟ್ಟರು. ಅವಳು ಬೆರಳಿಟ್ಟು ಓದಿ, ಒಂದು ಕಡೆ ನಿಲ್ಲಿಸಿ, ತಲೆಯಾಡಿಸಿದಳು. "ಯಾರನ್ನೂ ಅಂತ ಬರೀರಿ ಸಾರ್," ಅಂದಳು ಎಂಜಿನಿಯರಿಗೆ. ಅವನು ಶಾಸಕರನ್ನು ನೋಡಿದ. ಶಾಸಕರು ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಅವನು ತಿದ್ದಿ, ತಿದ್ದಿದ ಕಡೆ ಸಹಿ ಹಾಕಿದ.

ಮೂರು ಗಂಟೆಗೆ ಹಿಂದಿನ ಗೇಟು ತೆರೆದುಕೊಂಡು ಒಂದು ದೊಡ್ಡ ಹಳದಿ ವಾಹನ ಒಳಗೆ ಬಂತು. ಮೇಲೆ ಟ್ಯಾಂಕು, ಹಿಂದೆ ಸುತ್ತಿದ ದಪ್ಪ ಕೊಳವೆ. ಕೊಳಚೆ ಹೀರುವ ಯಂತ್ರ. ಮೈಮೇಲಿನ ಧೂಳು ಬೆರಳಲ್ಲಿ ಹೆಸರು ಬರೆಯುವಷ್ಟಿತ್ತು, ಚಕ್ರಗಳು ಮಾತ್ರ ಹೊಸದರ ಹಾಗಿದ್ದವು.

"ಎಲ್ಲಿತ್ತಪ್ಪ ಇದು?" ಅಂದರು ಶಾಸಕರು.

"ಮಂಡಳಿ ಶೆಡ್ಡಲ್ಲೇ ಸಾರ್," ಡ್ರೈವರು ಕೆಳಗಿಳಿಯುತ್ತಾ ಹೇಳಿದ. ಪಾಪ, ಅವನಿಗೆ ಇಲ್ಲಿನ ಸಂಗತಿ ಒಂದೂ ಗೊತ್ತಿಲ್ಲ. "ಇಳಿಯೋಕೆ ಜನ ಸಿಗ್ತಾರಲ್ಲ, ಅದಕ್ಕೇ ಇದನ್ನ ಯಾರೂ ಹೊರಗೆ ತೆಗೀತಿರ್ಲಿಲ್ಲ."

ಹೊಲಿಗೆಯಾಕೆ ಯಂತ್ರದ ಹತ್ತಿರ ಹೋದಳು. ಪಕ್ಕದಲ್ಲಿ ಉದ್ಘಾಟನೆಯ ದಿನಾಂಕವನ್ನು ಬಣ್ಣದಲ್ಲಿ ಬರೆದಿದ್ದರು. ಅಂಗೈಯಿಂದ ಧೂಳು ಒರೆಸಿ ತಿಂಗಳನ್ನು ಓದಿದಳು, ವರ್ಷವನ್ನು ಓದಿದಳು. ಐದು ವರ್ಷದ ಹಿಂದಿನದು. ಹಿಂದಿರುಗಿ ಬಂದು ಶಾಸಕರ ಮುಂದೆ ನಿಂತಳು.

"ಸಾರ್, ಹಂಗಾದ್ರೆ ಅವತ್ತೂ ಇದು ಇತ್ತಾ?"

ಇದಕ್ಕೆ ಹೇಳಬಹುದಾದ ಹತ್ತು ಉತ್ತರಗಳು ಶಾಸಕರಿಗೆ ಗೊತ್ತಿದ್ದವು. ಹದಿಮೂರು ವರ್ಷದಿಂದ ಅವನ್ನೇ ಹೇಳಿಕೊಂಡು ಬಂದಿದ್ದರು. ಅವರು ಕುರ್ಚಿಯ ಹಿಡಿ ಹಿಡಿದು, ಕಷ್ಟಪಟ್ಟು ಎದ್ದು ನಿಂತರು.

"ಇತ್ತಮ್ಮ," ಅಂದರು. "ಅವತ್ತೂ ಇತ್ತು."

ಆಕೆ ಅಳಲಿಲ್ಲ. ಮೈದುನನ ತೋಳು ಹಿಡಿದುಕೊಂಡು ಅಲ್ಲೇ ನಿಂತು ನೋಡಿದಳು. ಡ್ರೈವರು ಮುಚ್ಚಳ ಸರಿಸಿ ಕೊಳವೆ ಇಳಿಸಿ ಯಂತ್ರ ಚಾಲೂ ಮಾಡಿದ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.